ಅಂಚಿನಲ್ಲಿ ಬರೆದ ಗಂಟೆಗಳು

ಮುಂಬಯಿಯ ಪ್ರೈವೇಟ್ ಇಕ್ವಿಟಿ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷ ದುಡಿದು ಬಿಟ್ಟುಬಂದ ಗೆಳೆಯ ತನ್ನ 'ಬಾರ್ಬೇರಿಯನ್ಸ್ ಅಟ್ ದ ಗೇಟ್' ಪ್ರತಿಯನ್ನು ನನಗೆ ಕೊಟ್ಟ. ಬ್ರಯಾನ್ ಬರೋ ಮತ್ತು ಜಾನ್ ಹೆಲ್ಯಾರ್ ಎಂಬ ಪತ್ರಕರ್ತರ ಈ ಪುಸ್ತಕ, 1988ರಲ್ಲಿ ಕೆಕೆಆರ್ ಸಂಸ್ಥೆ ಹೆಚ್ಚಿನಂಶ ಸಾಲದ ಹಣದಿಂದಲೇ ಆರ್‌ಜೆಆರ್ ನಬಿಸ್ಕೋ ಕಂಪನಿಯನ್ನು ಸುಮಾರು 2500 ಕೋಟಿ ಡಾಲರಿಗೆ ಗೆದ್ದುಕೊಂಡ ಕಥೆ. ಗೆಳೆಯನ ಪ್ರತಿಯ ಅಂಚುಗಳಲ್ಲಿ ಟಿಪ್ಪಣಿಗಳಿಲ್ಲ, ಬರೀ ಗಂಟೆಗಳಿವೆ: 1.15, 2.40, 3.05. ತಾನು ಕಳಿಸಿದ ಲೆಕ್ಕದ ಹಾಳೆಗೆ ಮೇಲಿನವರ ತಿದ್ದುಪಡಿ ಬರುವವರೆಗೆ ಓದಿ, ಬಂದೊಡನೆ ನಿಲ್ಲಿಸಿದ ಜಾಗಗಳವು.

ದುರಾಸೆಯ ಕಥನವೆಂದು ಹೆಸರಾದ ಪುಸ್ತಕವಿದು. ನಾನೂ ಮೂಗು ಮುರಿಯುತ್ತಲೇ ಶುರುಮಾಡಿದೆ. ಆದರೆ ಕಂಪನಿಯ ಮುಖ್ಯಸ್ಥ ರಾಸ್ ಜಾನ್ಸನ್ ಷೇರಿಗೆ 75 ಡಾಲರಿನಂತೆ ಕೊಳ್ಳಲು ಹೊರಟು, ಹೆನ್ರಿ ಕ್ರಾವಿಸ್ 90 ಎಂದು ಕೂಗಿ, ಕೊನೆಗೆ ಜಾನ್ಸನ್ ಬಣದ 112 ಸೋತು ಕೆಕೆಆರ್‌ನ 109 ಗೆಲ್ಲುವ ಹೊತ್ತಿಗೆ ನನಗೂ ಬೆಳಗಾಗಿತ್ತು. ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಆ ವಾರ ಮೂಲೆ ಸೇರಿತು. (ಗೈಡ್ ಇದನ್ನು ಓದದಿರಲಿ.) ದುರಾಸೆಗಿಂತ ಹೆಚ್ಚಾಗಿ ಇದು ಹುಮ್ಮಸ್ಸಿನ ಪುಸ್ತಕ. ಗೆಳೆಯನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದೂ ಸಂಬಳವೊಂದೇ ಅಲ್ಲ. "ಕೆಲಸ ಇಷ್ಟವಾಗುತ್ತಿತ್ತು ಮಾರಾಯ, ತೊಂದರೆಯೇ ಅದು," ಎನ್ನುತ್ತಾನೆ.

ನನ್ನ ತಕರಾರು ಬೇರೆ. ಆ ಹುಮ್ಮಸ್ಸು ಯಾರದು? ದೊಡ್ಡವರ ವಿಮಾನ, ಔತಣ, ಮುನಿಸುಗಳಿಗೆ ಪುಟಗಟ್ಟಲೆ ಜಾಗವಿದೆ. ಅಂಕಿಗಳನ್ನು ರಾತ್ರಿಯಿಡೀ ತಿದ್ದಿದ ಕಿರಿಯರು ಬಾಗಿಲ ಸಂದಿಯಲ್ಲಿ ಕಂಡು ಮರೆಯಾಗುವವರು. ಅವರು ಯಾವಾಗ ಉಂಡರು, ಮನೆಯಲ್ಲಿ ಯಾರು ಕಾಯುತ್ತಿದ್ದರು ಎಂದು ಕಥನ ಕೇಳುವುದಿಲ್ಲ. ಓದುವ ಹುಡುಗ ಮಾತ್ರ ತನ್ನನ್ನು ಕ್ರಾವಿಸನ ಜಾಗದಲ್ಲೇ ಇಟ್ಟುಕೊಳ್ಳುತ್ತಾನೆ.

ಈ ವೃತ್ತಿಯ ಪ್ರತಿಫಲಕ್ಕೂ ಅಂಥದೇ ಕಥನದ ಚಪಲವಿದೆ. ಕೊಂಡ ಕಂಪನಿಗಳನ್ನು ಕೆಲವು ವರ್ಷ ಇಟ್ಟುಕೊಂಡು ಮಾರಿದಾಗ ಲಾಭದಲ್ಲಿ ಸಾಮಾನ್ಯವಾಗಿ ಶೇ. 20 ಸಂಸ್ಥೆಗೆ ಸೇರುತ್ತದೆ. 'ಕ್ಯಾರಿ' ಎಂದು ಕರೆಯುವ ಈ ಪಾಲಿನ ಚೂರೊಂದು, ಸಾಕಷ್ಟು ಮೇಲೇರಿದ ನೌಕರನಿಗೂ ಸಿಗುತ್ತದೆ; ನಡುವೆ ಬಿಟ್ಟರೆ ಕೈತಪ್ಪಬಹುದು. ಹೆಸರೇ ಹೇಳುವಂತೆ ಅದು ಹೊರುವಂಥದ್ದು. ಬದುಕು ಸದಾ ಮುಂದಿನ ಅಧ್ಯಾಯದಲ್ಲಿ.

ಇದನ್ನು ಓದುವಾಗ ಯಶವಂತ ಚಿತ್ತಾಲರ 'ಶಿಕಾರಿ' (1979) ಮತ್ತೆ ಮತ್ತೆ ನೆನಪಾಯಿತು. ಹಣಕಾಸಿನ ಲೋಕವಲ್ಲ ಅದು. ಆದರೆ ಮುಂಬಯಿಯ ಕಂಪನಿಯಿಂದ ಅಮಾನತಾದ ನಾಗಪ್ಪನಿಗೆ ಇದ್ದಕ್ಕಿದ್ದಂತೆ ಬೇಕಾದಷ್ಟು ಬಿಡುವು ಸಿಗುತ್ತದೆ, ಆ ಬಿಡುವಿನ ತುಂಬಾ ಆಫೀಸೇ ತುಂಬಿಕೊಳ್ಳುತ್ತದೆ. ನಾವು ತರಗತಿಗಳಲ್ಲಿ ಅದನ್ನು ಪರಕೀಯ ಪ್ರಜ್ಞೆ, ಅಸ್ತಿತ್ವವಾದ ಎಂದೆಲ್ಲ ಪಾಠ ಮಾಡಿ, ನೌಕರಿಯ ಕಾದಂಬರಿಯಾಗಿ ಓದುವುದನ್ನೇ ಬಿಟ್ಟೆವೇನೋ. ಸ್ವತಃ ಉದ್ಯಮದಲ್ಲಿ ದುಡಿದ ಚಿತ್ತಾಲರಿಗೆ ಗೊತ್ತಿತ್ತು: ರಜೆ ಕೊಟ್ಟ ಮಾತ್ರಕ್ಕೆ ಕೆಲಸ ಮನುಷ್ಯನನ್ನು ಬಿಡುವುದಿಲ್ಲ. ಸಮತೋಲನವನ್ನು ಗಂಟೆಗಳಲ್ಲಿ ಅಳೆಯುವವರಿಗೆ ನಾಗಪ್ಪ ಅರ್ಥವಾಗಲಾರ.

ಗೆಳೆಯನ ಪ್ರತಿಯಲ್ಲಿ ಕೊನೆಯ ನೂರು ಪುಟಗಳ ಅಂಚು ಖಾಲಿ. "ಕೆಲಸ ಬಿಟ್ಟದ್ದು ಆಗಲೇ ಇರಬೇಕು?" ಎಂದು ಕೇಳಿದೆ.

"ಇಲ್ಲ, ಪ್ರಮೋಷನ್ ಆಯಿತು. ಆಮೇಲೆ ಓದುವುದಕ್ಕೂ ಆಗಲಿಲ್ಲ," ಎಂದ.