ಮಿರಜದ ತಂಬೂರಿ, ಬೆಂಗಳೂರಿನ ಪೆಟ್ಟಿಗೆ

ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆ ಹಾಡು ಕಲಿಯುವವರಿಗೆ ಷಡ್ಜ ಈಗ ಎರಡು ಕಡೆಯಿಂದ ಸಿಗುತ್ತದೆ. ಒಂದು ಗಡಿಯಾಚೆಯ ಮಿರಜದಲ್ಲಿ ತಯಾರಾಗುವ ತಂಬೂರಿಯಿಂದ, ಇನ್ನೊಂದು ಬೆಂಗಳೂರಿನಲ್ಲಿ ಹುಟ್ಟಿದ ಇಲೆಕ್ಟ್ರಾನಿಕ್ ಪೆಟ್ಟಿಗೆಯಿಂದ. ಪಳಗಿದ ಗಾಯಕರಿಗೆ ತಂಬೂರಿಯೇ ಬೇಕು, ಹೊಸದಾಗಿ ಕಲಿಯುವ ಮಕ್ಕಳಿಗೆ ಪೆಟ್ಟಿಗೆ ಸಾಕು ಎಂಬ ಮಾತು ರೂಢಿಯಲ್ಲಿದೆ. ನನ್ನ ತೀರ್ಮಾನ ಇದಕ್ಕೆ ತಿರುಗಾಮುರುಗಾ. ಪಳಗಿದವರು ಪೆಟ್ಟಿಗೆಯಿಂದಲೂ ನಿಭಾಯಿಸಿಯಾರು, ಕಲಿಯುವವರಿಗೆ ಮಾತ್ರ ಅದು ಸಾಲದು.

ತಂಬೂರಿಯ ನಾದ ಹುಟ್ಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಂತಿ ಹಾದುಹೋಗುವ ಘೋಡಿ ಪಿಟೀಲಿನದರಂತೆ ಚೂಪಾದ ಅಂಚಿನದಲ್ಲ. ಅಗಲವಾಗಿ, ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿರುತ್ತದೆ. ಮೀಟಿದ ತಂತಿ ಆ ಬಾಗಿನ ಮೇಲೆ ತಾಗುತ್ತ ಬಿಡುತ್ತ ಕಂಪಿಸುತ್ತದೆ. ತಂತಿಯ ಕೆಳಗೆ ಸಿಕ್ಕಿಸಿದ ಎಳೆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ನಾದ ಒಮ್ಮೆಗೇ ತೆರೆದುಕೊಳ್ಳುತ್ತದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು ಕೇಳಿಸಬಾರದು ಎನ್ನುತ್ತದೆ ಹಳೆಯ ಯುರೋಪಿಯನ್ ನಿಯಮ. ತಂಬೂರಿ, ವೀಣೆಗಳಲ್ಲಿ ಅವೂ ಕೇಳಿಸುತ್ತವೆ, ಕಾರಣ ಈ ಘೋಡಿ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದರು. ಷಡ್ಜದ ತಂತಿಯ ಐದನೆಯ ಉಪಸ್ವರವೇ ಗಾಂಧಾರ. ಚೆನ್ನಾಗಿ ಶ್ರುತಿ ಕೂಡಿಸಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಮೊಳಗುವುದು ಇದರಿಂದ.

ಈ ಘೋಡಿಯನ್ನು ಅರದಿಂದ ಉಜ್ಜಿ ಹದ ಮಾಡುವ ಕೆಲಸಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. ಮಿರಜದ ಹೆಸರು ನಿಂತಿರುವುದು ಬಹುಪಾಲು ಈ ಕೈಕಸುಬಿನ ಮೇಲೆ. ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದ ನಡುವೆ, ಆಯುಧಗಳ ಕಾಲ ಮುಗಿಯುತ್ತ ಬಂದಾಗ, ವಾದ್ಯಗಳತ್ತ ತಿರುಗಿದವು. ತಂಬೂರಿಯ ಬುರುಡೆಗಳು ಪಂಢರಪುರ, ಮಂಗಳವೇಢೆ ಸೀಮೆಯಿಂದ ಬರುತ್ತವೆ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಈ ಊರಿನಲ್ಲೇ ನೆಲೆಸಿದ್ದರು. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಕಲಿತದ್ದೂ ಇಲ್ಲೇ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾನ್ಯತೆಗಿಂತ ಮೊದಲೇ ಗಾಯಕರ ಕಿವಿ ಒಪ್ಪಿಯಾಗಿತ್ತು.

ಪೆಟ್ಟಿಗೆಯ ಕಥೆ ಚಿಕ್ಕದು. ಕೊಳಲು ನುಡಿಸುತ್ತಿದ್ದ ಇಂಜಿನಿಯರ್ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ 1979ರಲ್ಲಿ ಇಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಹೆಸರು ಆಮೇಲೆ ಸಂಗೀತದ ಮನೆಮನೆಯ ಮಾತಾಯಿತು. ಇದರಿಂದಾದ ಉಪಕಾರವನ್ನು ಯಾರೂ ಹಗುರಾಗಿ ಕಾಣಬಾರದು. ಬುರುಡೆಯ ವಾದ್ಯವನ್ನು ತುಂಬಿದ ಬಸ್ಸಿನಲ್ಲಿ ಅಥಣಿಯಿಂದ ಚಿಕ್ಕೋಡಿಗೆ ಒಯ್ಯುವವರಿಗೆ ಅದರ ಆತಂಕ ಗೊತ್ತು. ತಂಬೂರಿ ಹಿಡಿದು ಕೂರಲು ಇನ್ನೊಬ್ಬರು ಸಿಗದ ಮನೆಯಲ್ಲಿ, ಬೆಳಗಿನ ಜಾವ ಒಬ್ಬಳೇ ರಿಯಾಜ್ ಮಾಡುವ ಹುಡುಗಿಗೆ ಆ ಪೆಟ್ಟಿಗೆ ನಿಜಕ್ಕೂ ಆಸರೆ. ಪಂಚಮವಿಲ್ಲದ ಮಾಲಕಂಸಕ್ಕೆ ಮಧ್ಯಮ, ಮಾರವಾಕ್ಕೆ ನಿಷಾದ ಬೇಕೆಂದರೆ ಗುಂಡಿ ತಿರುಗಿಸಿದರಾಯಿತು.

ಆದರೆ ನಾದದ ಲೆಕ್ಕ ಬೇರೆ. ಹಳೆಯ ಪೆಟ್ಟಿಗೆಗಳಲ್ಲಿ ಸರ್ಕ್ಯೂಟೇ ಧ್ವನಿ ಹುಟ್ಟಿಸುತ್ತಿತ್ತು. ಆ ಧ್ವನಿ ಮೂಗಿನಿಂದ ಬಂದಂತೆ, ತುಸು ಕರಕರ. ಈಗಿನ ಪೆಟ್ಟಿಗೆಗಳು, ಮೊಬೈಲ್ ಆ್ಯಪ್‌ಗಳು ಅಸಲಿ ತಂಬೂರಿಯ ಧ್ವನಿಯನ್ನೇ ಮುದ್ರಿಸಿಕೊಂಡು ಮರಳಿ ಮರಳಿ ನುಡಿಸುತ್ತವೆ. ಮೊದಲ ಕೇಳ್ಮೆಗೆ ಇವು ತುಂಬ ಇಂಪು. ಅರ್ಧ ಗಂಟೆ ಜೊತೆಗೆ ಹಾಡಿ ನೋಡಿ: ಪ್ರತಿ ಸುತ್ತೂ ಅದೇ ಸುತ್ತು. ಕೈಯಿಂದ ಮೀಟಿದ ತಂಬೂರಿಯಲ್ಲಿ ಎರಡು ಮೀಟು ಒಂದೇ ಥರ ಬರುವುದಿಲ್ಲ, ಹಿಂದಿನ ತಂತಿಯ ಕಂಪನ ಆರುವ ಮೊದಲೇ ಮುಂದಿನದು ಅದರೊಡನೆ ಸೇರುತ್ತದೆ, ಕಿವಿ ಎಚ್ಚರವಾಗಿರುತ್ತದೆ. ಮುದ್ರಿತ ಷಡ್ಜದಲ್ಲಿ ಕಿವಿಗೆ ಹುಡುಕಲು ಏನೂ ಉಳಿದಿರುವುದಿಲ್ಲ.

ಇನ್ನೊಂದು ತೊಡಕು ಅಷ್ಟು ಸುಲಭಕ್ಕೆ ಗಮನಕ್ಕೆ ಬರುವುದಿಲ್ಲ. ತಂಬೂರಿಯ ತಂತಿಯನ್ನು ಏರಿಸಿದರೂ ಇಳಿಸಿದರೂ ಬುರುಡೆಯ ಅನುರಣನ ಬದಲಾಗದು. ಗಂಡಸರ ತಂಬೂರಿ ದೊಡ್ಡದಾಗಿ, ಹೆಂಗಸರದು ಚಿಕ್ಕದಾಗಿ ಇರುವುದೂ ಅದಕ್ಕೇ. ಒಂದು ಮುದ್ರಣವನ್ನು ಬೇರೆ ಸುರಕ್ಕೆ ಎಳೆದಾಗ ತಂತಿಯ ಜೊತೆ ಬುರುಡೆಯೂ ಹಿಗ್ಗಿದಂತೆ, ಕುಗ್ಗಿದಂತೆ ಕೇಳುತ್ತದೆ. ಕಾಳಿ ಒಂದರ (ಸಿ ಶಾರ್ಪ್) ಷಡ್ಜದಲ್ಲಿ ಹಾಡುವ ಗಂಡುದನಿಗೆ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸಬೇಕು. ಅಂಗೈಯಗಲದ ಸ್ಪೀಕರಿನಿಂದ ಅಷ್ಟು ತಗ್ಗಿನ ನಾದ ಸರಿಯಾಗಿ ಹೊರಡುವುದೇ ಇಲ್ಲ. ಮೇಲಿನ ಉಪಸ್ವರಗಳನ್ನು ಕೇಳಿ ಕಿವಿಯೇ ಅದನ್ನು ಊಹಿಸಿಕೊಳ್ಳುತ್ತದೆ. ತಂಬೂರಿಯ ದಂಡಿಗೆಗೆ ಕಿವಿ ತಾಗಿಸಿ ಕೂತವರಿಗೆ ಊಹೆ ಬೇಕಾಗದು, ಖರ್ಜ ಎಲುಬಿಗೇ ಇಳಿಯುತ್ತದೆ.

ಪೆಟ್ಟಿಗೆ ತಂಬೂರಿಯ ಮರುತಯಾರಿಯಲ್ಲ, ಅದರ ಫಲವನ್ನಷ್ಟೇ ಕೊಡುವ ಬೇರೊಂದು ಯಂತ್ರ. ನಾದ ಎಷ್ಟು ಹೋಲುತ್ತದೆ ಎಂದು ಅಳೆದರೆ ಸಾಲದು, ಏನನ್ನು ಮಾಡಲು ಬಿಡುವುದಿಲ್ಲ ಎಂದೂ ನೋಡಬೇಕು.

ಅದು ಬಿಡದಿರುವುದು ಕೂಡಿಸುವ ಕೆಲಸವನ್ನು. ಖುಂಟಿ ತಿರುವಿ ಸುರದ ಹತ್ತಿರ ಬರುವುದು, ಮಣಿ ಸರಿಸಿ ಉಳಿದ ಅಂತರ ತುಂಬುವುದು, ಜೋಡಿ ತಂತಿಗಳ ನಡುವಿನ ಅಲೆ ನಿಧಾನವಾಗುತ್ತ ಪೂರ್ತಿ ನಿಂತ ಕ್ಷಣವನ್ನು ಹಿಡಿಯುವುದು, ದಾರ ಸರಿಸಿ ಗಾಂಧಾರ ಹೊರಡುವ ತನಕ ಕಾಯುವುದು. ಹಾಡಲು ಬಾಯಿ ತೆರೆಯುವ ಮೊದಲೇ ಕಿವಿಗೆ ಇಷ್ಟು ಪಾಠವಾಗಿರುತ್ತದೆ. ಬಹುಕಾಲ ತಂಬೂರಿ ಕೂಡಿಸಿದ ಗಾಯಕನಲ್ಲಿ ಆ ಕಿವಿ ಆಗಲೇ ಇದೆ. ಪೆಟ್ಟಿಗೆಯ ಕೊರತೆಯನ್ನು ಆತ ಒಳಗೇ ತುಂಬಿಕೊಳ್ಳುತ್ತಾನೆ. ಗುಂಡಿ ಒತ್ತಿಯೇ ಷಡ್ಜ ಕಂಡ ಮಗು ಏನನ್ನು ತುಂಬಿಕೊಳ್ಳಬೇಕು? ಹನ್ನೆರಡು ಸ್ವರಗಳ ಜಾಗ ಮೊದಲೇ ಗೊತ್ತುಮಾಡಿದ ಹಾರ್ಮೋನಿಯಂ ಪೇಟಿಯನ್ನು ಎದುರಿಗಿಟ್ಟುಕೊಂಡು ಸಾಧನೆ ಮಾಡುವ ನಮ್ಮ ಸೀಮೆಯಲ್ಲಿ ಈ ನಷ್ಟ ಇಮ್ಮಡಿ.

ಆದ್ದರಿಂದ ಭಜನಾ ಮೇಳಕ್ಕೆ, ಪ್ರಯಾಣಕ್ಕೆ, ಮನೆಯ ರಿಯಾಜಿಗೆ ಪೆಟ್ಟಿಗೆ ಇರಲಿ. ಸಂಗೀತ ಕಲಿಸುವ ಶಾಲೆ, ಮಠ, ಸಂಘಗಳಲ್ಲಿ ಮಾತ್ರ ನಾಲ್ಕು ತಂತಿಯ ತಂಬೂರಿ ಒಂದಾದರೂ ಇರಬೇಕು, ಪಾಠ ಶುರುವಾಗುವ ಮುನ್ನ ಅದನ್ನು ಮಕ್ಕಳೇ ಕೂಡಿಸಬೇಕು. ತಪ್ಪಾಗಿ ಕೂಡಿಸಿದರೂ ಸರಿ, ಗುರುಗಳು ತಿದ್ದುತ್ತಾರೆ. ಘೋಡಿ ಸವೆದರೆ ದೂರ ಹೋಗಬೇಕಿಲ್ಲ. ಬೆಂಗಳೂರಿನವರು ಜವಾರಿ ತೆಗೆಸಲು ಇಡೀ ರಾತ್ರಿ ರೈಲಿನಲ್ಲಿ ಕೂತು ಬರಬೇಕಾದ ಮಿರಜ, ಕುಡಚಿ, ಉಗಾರ, ಶೇಡಬಾಳಗಳಲ್ಲಿ ರೈಲು ಹತ್ತುವ ನಮ್ಮವರಿಗೆ ಮುಂದಿನ ಕೆಲವೇ ನಿಲ್ದಾಣಗಳಾಚೆ ಇದೆ.