ಮೂರೇ ತಿಂಗಳಲ್ಲಿ ಉಲ್ಟಾ ಹೊಡೆದ ಕೋರ್ಟು

ಜನಾಂಗ ಹುಟ್ಟಿನಿಂದ ಬರುತ್ತದೆ ಎನ್ನುವವರು ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ಹಳೆಯ ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಎರಡನ್ನೂ ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್.

1790ರ ಕಾಯ್ದೆಯ ಪ್ರಕಾರ ವಲಸಿಗರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕನ್ ಮೂಲದವರನ್ನೂ ಸೇರಿಸಿಕೊಂಡರು. ಏಷ್ಯಾದವರು ಮಾತ್ರ ತಾವು ಬಿಳಿಯರೆಂದು ಸಾಬೀತು ಮಾಡಬೇಕಿತ್ತು.

ಜಪಾನಿನ ತಕಾವೊ ಒಜಾವಾ ಇಪ್ಪತ್ತು ವರ್ಷ ಅಮೆರಿಕದಲ್ಲೇ ನೆಲೆಸಿದ್ದವರು, ಬರ್ಕ್ಲಿಯಲ್ಲಿ ಓದಿದವರು, ಮನೆಯಲ್ಲೂ ಇಂಗ್ಲಿಷೇ. ಅವರು ಪೌರತ್ವ ಕೇಳಿದಾಗ, 1922ರ ನವೆಂಬರಿನಲ್ಲಿ ಕೋರ್ಟು ಹೇಳಿತು: ಮೈಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಎಂದರೆ ಕಕೇಶಿಯನ್, ಒಜಾವಾ ಕಕೇಶಿಯನ್ ಅಲ್ಲ.

ಸರಿ, ಹಾಗಾದರೆ ಭಗತ್ ಸಿಂಗ್ ಥಿಂಡ್? ಪಂಜಾಬಿನ ಸಿಖ್ಖರು, 1918ರಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಉತ್ತರ ಭಾರತೀಯರನ್ನು ಆಗಿನ ಜನಾಂಗಶಾಸ್ತ್ರವೇ ಕಕೇಶಿಯನ್ನರ ಪಟ್ಟಿಗೆ ಹಾಕಿತ್ತು. 1923ರ ಫೆಬ್ರವರಿಯಲ್ಲಿ ಅದೇ ನ್ಯಾಯಮೂರ್ತಿ ರಾಗ ಬದಲಿಸಿದರು: ಪಂಡಿತರ ವರ್ಗೀಕರಣ ಬೇಡ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನೇ ಬಿಳಿಯ. ಒಜಾವಾರನ್ನು ಹೊರಗಿಡಲು ಒದಗಿದ ಶಾಸ್ತ್ರ ಥಿಂಡ್‌ರನ್ನು ಒಳಗೆ ಬಿಡುವಂತಾದಾಗ ಕಸದಬುಟ್ಟಿ ಸೇರಿತು.

ತರ್ಕದ ದೃಷ್ಟಿಯಿಂದ ಇದು ಕಳಪೆ ತೀರ್ಪು. ಆದರೂ ಗೆರೆ ಎಳೆಯುವುದು ಸಮಾಜವೇ ಎಂಬ ಸತ್ಯವನ್ನು ಅದು ತನಗೇ ತಿಳಿಯದೆ ಒಪ್ಪಿಕೊಂಡಿತು. ಒಪ್ಪಿಕೊಂಡೂ ಆ ಗೆರೆಗೆ ಕಾನೂನಿನ ಬಲ ತುಂಬಿದ್ದು ಅದರ ದೊಡ್ಡ ಅನ್ಯಾಯ.

ಥಿಂಡ್ ಪರದ ವಾದವನ್ನೂ ಸುಮ್ಮನೆ ಬಿಡುವಂತಿಲ್ಲ. ತಾನು ಶುದ್ಧರಕ್ತದ ಮೇಲ್ಜಾತಿಯ ಆರ್ಯ. ಅಮೆರಿಕದ ಬಿಳಿಯರು ಮದುವೆ ಸಂಬಂಧಕ್ಕೆ ಕಪ್ಪುಜನರನ್ನು ಹೇಗೆ ದೂರವಿಡುತ್ತಾರೋ, ಭಾರತದ ಮೇಲ್ಜಾತಿಯವರೂ ಅಲ್ಲಿನ ಮೂಲನಿವಾಸಿಗಳನ್ನು ಹಾಗೆಯೇ ದೂರವಿಡುತ್ತಾರೆ ಎಂಬುದು ಆ ವಾದ. ಜಾತಿಯ ಹೊಲಸನ್ನೇ ಅರ್ಹತಾಪತ್ರ ಮಾಡಿಕೊಂಡದ್ದು, ಅದೂ ಸಿಖ್ಖರೊಬ್ಬರ ಪರವಾಗಿ! ಈ ಪ್ರಕರಣವನ್ನು ಬರೀ ಬಿಳಿಯರ ದಬ್ಬಾಳಿಕೆಯ ಕಥೆಯಾಗಿ ಹೇಳುವಾಗ ಈ ಪುಟ ಹಾರಿಹೋಗುತ್ತದೆ.

ತೀರ್ಪಿನ ಬೆನ್ನಿಗೇ, ಅಷ್ಟರಲ್ಲಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು. ಅವರಲ್ಲೊಬ್ಬರು, ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ, 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಥಿಂಡ್‌ಗೆ ಪೌರತ್ವ ದಕ್ಕಿದ್ದು 1936ರಲ್ಲಿ, ಮೊದಲ ಮಹಾಯುದ್ಧದ ಸೈನಿಕರಿಗೆಂದು ಮಾಡಿದ ಕಾಯ್ದೆಯಡಿ. ಉಳಿದ ಭಾರತೀಯರು 1946ರ ತನಕ ಕಾಯಬೇಕಾಯಿತು.