ಮೊಳೆಗೆ ತೂಗಿದ ಮಣ್ಣು

ಗೋಡೆಗೆ ತೂಗಿದ ಪಿಂಗಾಣಿ ಶಿಲ್ಪವನ್ನು ನಾನು ಎದುರು ನಿಂತು ನೋಡುವುದು ಕೊನೆಗೆ. ಮೊದಲು ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ಪಕ್ಕದಿಂದ ಇಣುಕುತ್ತೇನೆ. ಗ್ಯಾಲರಿಯ ಕಾವಲಿನವರಿಗೆ ಇದು ಹಿಡಿಸುವುದಿಲ್ಲ. ಆದರೆ ಎಲೆಯಂತೆಯೋ ಚಿಪ್ಪಿನಂತೆಯೋ ಕಾಣುವ ಮಣ್ಣಿನ ಅಂಚು ಎಷ್ಟು ತೆಳುವಾಗಿದೆ, ನೆರಳು ಎಲ್ಲಿಗೆ ಬೀಳುತ್ತಿದೆ ಎಂಬುದು ತಿಳಿಯುವುದು ಅಲ್ಲಿಂದಲೇ. ನೆರಳು ಬೀಳದಿದ್ದರೆ ಅದು ಬರೀ ದಪ್ಪ ಚಿತ್ರ.

ಜಪಾನಿನಲ್ಲಿ ಮಣ್ಣು ಗೋಡೆ ಹತ್ತಿದ್ದು ಇಂದು ನಿನ್ನೆಯಲ್ಲ. ಚಹಾ ಕೋಣೆಯ ತೊಕೊನೊಮಾ ಎಂಬ ಅಲಂಕಾರದ ಗೂಡಿನಲ್ಲಿ ಮೊಳೆಗೆ ಸಿಕ್ಕಿಸುವ ಹೂದಾನಿಗೆ ಕಾಕೆಹನಾಯಿರೆ ಎನ್ನುತ್ತಾರೆ. ಇಗಾ, ಬಿಜೆನ್ ಆವಿಗೆಗಳಲ್ಲಿ ಬೆಂದ ಹೂದಾನಿ ಸೊಟ್ಟಗಾದರೂ, ಮೈಮೇಲೆ ಬೂದಿ ಕರಗಿ ಇಳಿದರೂ ಅದನ್ನು ಯಾರೂ ಹಳಿಯುತ್ತಿರಲಿಲ್ಲ. ಬೆಂಕಿ ಮಾಡಿದ್ದನ್ನು ಬೆಂಕಿಗೇ ಬಿಡುವ ರುಚಿ ಅಲ್ಲಿ ಹಳೆಯದು. ಅಲ್ಲಿ ಹೂವು ನಿಜದ್ದು, ಮಣ್ಣು ಅದಕ್ಕೆ ಆಸರೆ. ಇಂದಿನವರು ಹೂವನ್ನು ತೆಗೆದುಬಿಟ್ಟರು. ಈಗ ಆಸರೆಯೇ ಅರಳಬೇಕು.

ಪಾತ್ರೆಗೆ ಬಾಯಿ ಇರಲೇಬೇಕೇ ಎಂದು ಮೊದಲು ಜೋರಾಗಿ ಕೇಳಿದ್ದು ಕ್ಯೋತೊದ ಕುಂಬಾರ ಕಲಾವಿದರ ಸೋದೇಶಾ ಗುಂಪು, 1948ರಲ್ಲಿ. ಅದರ ಯಾಗಿ ಕಜುವೊ 1954ರಲ್ಲಿ ಮಾಡಿದ ‘ಸಾಮ್ಸಾನ ವಿಹಾರ’ ತಿಗರಿಯ ಮೇಲೆ ಎತ್ತಿದ ಒಂದು ಬಳೆ. ಅದರ ಸುತ್ತ ಪುಟ್ಟ ಪುಟ್ಟ ಕೊಳವೆಗಳು. ಕಾಫ್ಕಾನ ಕತೆಯ ಹುಳುವಾದ ಮನುಷ್ಯ ಅದು. ನೀರು ತುಂಬಲಾಗದು, ಹೂವು ಇಡಲಾಗದು. ಮುಂದೆ 1970ರ ಒಸಾಕಾ ಎಕ್ಸ್‌ಪೋಗೆ ಒಕಾಮೊತೊ ತಾರೊ ಕಟ್ಟಿದ ಸೂರ್ಯಗೋಪುರದ ಬೆನ್ನಿಗೆ ಕರಿಸೂರ್ಯ ಬಂತು, ಪೂರ್ತಿ ಶಿಗರಾಕಿಯ ಸುಟ್ಟ ಮಣ್ಣಿನ ಬಿಲ್ಲೆಗಳದ್ದು. ಎದುರಿನ ಬಿಳಿ ಮುಖವನ್ನೇ ಎಲ್ಲರೂ ಫೋಟೋ ಹಿಡಿಯುತ್ತಾರೆ. ಗೋಪುರವನ್ನು ಸುತ್ತಿ ಹಿಂದಕ್ಕೆ ಹೋದವರಿಗಷ್ಟೇ ಈ ಸೂರ್ಯ.

ನನಗೆ ಹೆಚ್ಚು ಹಿಡಿಸಿದವರು ಸೆತೊದ ನಾಗಾಯೆ ಶಿಗೆಕಜು, ಹುಟ್ಟಿದ್ದು 1953. ಸೆತೊ ಕಾರ್ಖಾನೆಗಳ ಊರು. ಅಲ್ಲಿ ಪ್ಲಾಸ್ಟರ್ ಅಚ್ಚಿಗೆ ಪಿಂಗಾಣಿ ಮಣ್ಣಿನ ಗಂಜಿ ಹೊಯ್ಯುತ್ತಾರೆ. ಅಚ್ಚು ನೀರು ಹೀರುತ್ತದೆ, ಒಳಮೈಗೆ ತೆಳುವಾದ ಪದರ ಕಟ್ಟುತ್ತದೆ, ಉಳಿದ ಗಂಜಿಯನ್ನು ಬಗ್ಗಿಸಿಬಿಡುತ್ತಾರೆ. ಒಂದೇ ಥರದ ಸಾವಿರ ಬಟ್ಟಲು ತೆಗೆಯುವ ಆ ವಿದ್ಯೆಯಿಂದ ನಾಗಾಯೆ ಕಾಗದದಂಥ ಹಾಳೆಗಳನ್ನು ತೆಗೆದರು. ಅವನ್ನು ಜೋಡಿಸಿ ಸುಟ್ಟರೆ, ಮೆತ್ತಗಾದ ಪಿಂಗಾಣಿ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆ ಬಾಗು ಬಾಳೆಯ ಸುಳಿ ಬಿಚ್ಚುವಾಗಿನ ಬಾಗಿನಂತೆ. ಅದನ್ನು ಬೆರಳು ತಿದ್ದಿದ್ದಲ್ಲ.

ಇನ್ನೊಂದು ದಾರಿ ಗಿಫುವಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹೊಸೊನೊ ಹಿತೊಮಿಯವರದು. ಎಲೆ ಎಲೆಯನ್ನೂ ಅಚ್ಚಿನಲ್ಲಿ ತೆಗೆದು, ನರನರವನ್ನೂ ಕೆತ್ತಿ, ನೂರಾರು ಪದರವಾಗಿ ಅಂಟಿಸುತ್ತಾರೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೂ ಅವರ ಕೆಲಸವಿದೆ. ಆ ತಾಳ್ಮೆಗೆ ಕೈ ಮುಗಿಯುತ್ತೇನೆ. ಆದರೆ ಆ ಹಾದಿಯಲ್ಲಿ ನಡೆವ ಸಣ್ಣಪುಟ್ಟವರು ಗೋಡೆಗೆ ಅಂಟಿಸುವ ಎಲೆಗೊಂಚಲು ಕಂಡರೆ ಮದುವೆ ಮಂಟಪದ ಪ್ಲಾಸ್ಟಿಕ್ ತೋರಣ ನೆನಪಾಗುತ್ತದೆ. ಎಲೆಯ ನಕಲು ತೆಗೆಯುವುದು ಸುಲಭ; ಎಲೆ ಒಣಗುವಾಗ ಅಂಚಿನಿಂದ ಮುರುಟುವುದಿದೆಯಲ್ಲ, ಮಣ್ಣಿಗೂ ಆ ಗುಣ ಉಂಟು. ಅದನ್ನು ಬಳಸಿಕೊಂಡವರು ಗೆದ್ದರು.

ಗೋಡೆಯ ಕೆಲಸಕ್ಕೆ ಎರಡು ಶತ್ರುಗಳು: ತೂಕ ಮತ್ತು ಕುಗ್ಗುವಿಕೆ. ಹಸಿಯಿದ್ದಾಗಿನ ಅಳತೆಗೆ ಹೋಲಿಸಿದರೆ ಪಿಂಗಾಣಿ ಬೆಂದು ಬರುವಷ್ಟರಲ್ಲಿ ಸುಮಾರು 12ರಿಂದ 15 ಪ್ರತಿಶತ ಕುಗ್ಗುತ್ತದೆ. ದೊಡ್ಡ ಹಲಗೆ ಒಂದೇ ತುಂಡಾದರೆ ಸೀಳುವುದು, ಡೊಂಕಾಗುವುದು ಬಹುತೇಕ ಖಚಿತ. ಅದಕ್ಕೇ ದೊಡ್ಡ ಕೆಲಸಗಳನ್ನು ಬಿಡಿಬಿಡಿಯಾಗಿ ಸುಟ್ಟು ಗೋಡೆಯ ಮೇಲೆ ಕೂಡಿಸುತ್ತಾರೆ, ಬೆನ್ನನ್ನು ಟೊಳ್ಳು ಮಾಡುತ್ತಾರೆ. ಹಾವಸೆಯಂತೆ ಹರಡಿದ ನೂರು ತುಂಡುಗಳ ಶಿಲ್ಪ ಕಂಡಾಗ ವಿಮರ್ಶಕರು ಅದರಲ್ಲಿ ದರ್ಶನ ಹುಡುಕುತ್ತಾರೆ. ಅರ್ಧ ಕಾರಣ ಆವಿಗೆಯ ಬಾಗಿಲಿನ ಅಗಲ.

ಕೊಳ್ಳುವವರಿದ್ದರೆ ಸಂಕೋಚ ಬಿಟ್ಟು ಬೆನ್ನು ತೋರಿಸಿ ಎನ್ನಿ. ಹಸಿ ಮಣ್ಣಿನಲ್ಲಿ ಮೊಳೆಗೆಂದು 60 ಸೆಂಟಿಮೀಟರ್ ಅಂತರದಲ್ಲಿ ಕೊರೆದ ಎರಡು ತೂತು ಬೆಂದ ಮೇಲೆ 52ಕ್ಕೆ ಬಂದು ನಿಂತಿರುತ್ತವೆ. ಇದನ್ನು ಮೊದಲೇ ಲೆಕ್ಕ ಹಾಕಿದವರ ಬೆನ್ನು ಶುಚಿಯಾಗಿರುತ್ತದೆ. ಹಾಕದವರ ಬೆನ್ನಿನ ಮೇಲೆ ಅಂಟು ಸುರಿದಿರುತ್ತದೆ, ಎಷ್ಟು ಚಂದದ ಶಂಖವಾದರೂ.